ಬಾಗಿಲಿನ ರಂಗೋಲಿ, ಕಾಗದದ ರಂಗೋಲಿ

ನಮ್ಮ ವಾಚನಾಲಯದ ಹಿಂದಿನ ಕೋಣೆ ಬಹಳ ದಿನದಿಂದ ಖಾಲಿ. ಹಳೆಯ ಪೇಪರಿನ ಕಟ್ಟು, ಕಾಲು ಮುರಿದ ಒಂದು ಬೆಂಚು, ಅಷ್ಟೇ ಅಲ್ಲಿರುವುದು. ಆಯುಧಪೂಜೆ ಕಳೆದ ಮೇಲೆ ಒಂದು ಸಂಜೆ ಎಲ್ಲರೂ ಕೂತಿದ್ದಾಗ ಶಾಲೆಯ ಮೇಷ್ಟ್ರೊಬ್ಬರು ಒಂದು ಮಾತು ಎತ್ತಿದರು. ಊರಿನಲ್ಲಿ ಮನಸ್ಸಿಗೆ ಹುಷಾರಿಲ್ಲದವರು ನಾಲ್ಕೈದು ಜನ ಇದ್ದಾರೆ, ಆಸ್ಪತ್ರೆಗೆ ಹೋಗಿ ಬಂದು ಮನೆಯ ಮೂಲೆಯಲ್ಲಿ ಕೂತಿರುತ್ತಾರೆ, ಭಾನುವಾರ ಮಧ್ಯಾಹ್ನ ಅವರನ್ನು ಈ ಕೋಣೆಗೆ ಕರೆಯೋಣ, ರಂಗೋಲಿ ಬಿಡಿಸಲಿ, ಕುಮ್ಮಿ ಹೊಡೆಯಲಿ, ಉಡುಕ್ಕೆ ಬಾರಿಸುವವರು ಸಿಕ್ಕಿದರೆ ಕತೆ ಹಾಡಲಿ, ಪಟ್ಟಣದಲ್ಲಿ ಇದಕ್ಕೆ ಆರ್ಟ್ ಥೆರಪಿ ಅಂತ ಹೆಸರಿಟ್ಟು ದುಡ್ಡು ತಗೊಂಡು ಮಾಡ್ತಾರೆ, ನಾವು ಸುಮ್ಮನೆ ಮಾಡೋಣ ಅಂದರು.

ಮೊದಲು ಬಾಯಿ ಬಿಟ್ಟವರು ಗುಡಿಯ ಹಿರಿಯರು. "ಏನು ಮೇಷ್ಟ್ರೇ, ದೇವರ ಮುಂದೆ ಆಡೋದನ್ನ, ಹಾಡೋದನ್ನ ತಂದು ಹುಚ್ಚಿಗೆ ಕಷಾಯ ಮಾಡ್ತೀರಾ? ಅದು ಕಲೆ ಅಲ್ಲ ಸ್ವಾಮಿ, ಸೇವೆ" ಅಂದರು. ಆಮೇಲೆ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗುವ ಹುಡುಗನೊಬ್ಬ ಎದ್ದು ನಿಂತ. "ಸಾರ್, ತಪ್ಪು ತಿಳ್ಕೋಬೇಡಿ. ಮಾತ್ರೆ ನುಂಗಬೇಕಾದವರನ್ನ ಕುಮ್ಮಿ ಹೊಡಿಸ್ತಾ ಕೂತ್ರೆ, ನಾಳೆ ಏನಾದ್ರೂ ಆದ್ರೆ ಯಾರು ಸಾರ್ ಹೊಣೆ?" ಅಂದ.

ಇಬ್ಬರ ಮಾತಿನಲ್ಲೂ ಹುರುಳಿತ್ತು. ಮೇಷ್ಟ್ರು ಸುಮ್ಮನಾದರು. ನಾನೂ ಸುಮ್ಮನೆ ಎದ್ದು ಬಂದೆ. ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲ. ನಮ್ಮ ಮನೆಯಲ್ಲೇ ಅದಕ್ಕೆ ಒಂದು ಕತೆ ಇತ್ತು.

ನಮ್ಮ ಚಿಕ್ಕಮ್ಮನ ಕತೆ ಅದು. ಅವಳನ್ನು ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. "ಬರಿ, ಆದ್ರೆ ನಾನು ಅತ್ತೆ ಅಂತ ಮಾತ್ರ ಬರೀಬೇಡ, ನಾನು ಅಳಲೇ ಇಲ್ಲ" ಅಂದಿದ್ದಾಳೆ. ನಿಜ, ಅವಳು ಅಳಲಿಲ್ಲ. ಚಿಕ್ಕಪ್ಪ ತೀರಿಕೊಂಡ ನಾಲ್ಕನೇ ತಿಂಗಳಿಗೆ ಮಾತು ನಿಂತಿತು. ಊಟ ಅರ್ಧ ತುತ್ತು. ರಾತ್ರಿ ನಿದ್ದೆ ಇಲ್ಲ, ಹಗಲು ಮಗ್ಗದ ಪಕ್ಕದ ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ನಾವು ಎಲ್ಲರೂ ಮಾಡುವ ಹಾಗೆಯೇ ಮಾಡಿದೆವು. ಮಂತ್ರಿಸಿದ ತಾಯಿತ, ಒಂದು ಮಂಡಲ ಗುಡಿ ಸುತ್ತುವುದು, ಆಮೇಲೆ ಯಾರೋ ಹೇಳಿದರು ಅಂತ ಡಾಕ್ಟರು. ಡಾಕ್ಟರು ಖಿನ್ನತೆ ಅಂದರು. ಮಾತ್ರೆ ಕೊಟ್ಟರು. ಕೆಲವು ವಾರಕ್ಕೆ ನಿದ್ದೆ ಬಂತು. ಇದನ್ನು ಮರೆಯದೆ ಹೇಳಬೇಕು, ಮೊದಲು ಕೈ ಹಿಡಿದದ್ದು ಮಾತ್ರೆಯೇ.

ಆ ಆಸ್ಪತ್ರೆಯಲ್ಲಿ ಕಲಿಯಲು ಬಂದಿದ್ದ ಹುಡುಗಿಯೊಬ್ಬಳು ಒಳ್ಳೆಯ ಮನಸ್ಸಿನಿಂದಲೇ ಒಂದು ದಿನ ಬಿಳಿ ಹಾಳೆ, ಬಣ್ಣದ ಪೆನ್ಸಿಲ್ಲು ತಂದು ಚಿಕ್ಕಮ್ಮನ ಮುಂದಿಟ್ಟಳು. ತಮಿಳಿನಲ್ಲಿ, "ಅಮ್ಮಾ, ಒಂದು ಕೋಲ ಬಿಡಿಸಿ, ನಿಮಗೆ ಚೆನ್ನಾಗಿ ಬರುತ್ತಲ್ಲ" ಅಂದಳು. ಚಿಕ್ಕಮ್ಮ ತಲೆ ಅಲ್ಲಾಡಿಸಿದಳು. ಇನ್ನೊಂದು ದಿನ ಕೇಳಿದಾಗಲೂ ಹಾಗೇ. ಮೂರನೆಯ ಸಲ ಹಾಳೆಯನ್ನು ಮಡಿಸಿ ಕೈಗೇ ಕೊಟ್ಟುಬಿಟ್ಟಳು. ರೋಗಿ ಸಹಕರಿಸುತ್ತಿಲ್ಲ ಅಂತ ಫೈಲಿನಲ್ಲಿ ಬರೆದರು. ನಾವೂ ಬೈದೆವು, ಅಷ್ಟು ಪ್ರೀತಿಯಿಂದ ಕೇಳ್ತಾಳೆ, ನಾಲ್ಕು ಗೆರೆ ಎಳೆದರೆ ಏನು ಹೋಗುತ್ತೆ ಅಂತ.

ಎಷ್ಟೋ ತಿಂಗಳಾದ ಮೇಲೆ ಅವಳೇ ಹೇಳಿದಳು. "ಸಾವಿನ ಮನೆಯವರು ವರ್ಷ ತುಂಬೋ ಮುಂಚೆ ರಂಗೋಲಿ ಹಾಕ್ತಾರೇನೋ? ಅದೂ ಕಾಗದದ ಮೇಲೆ? ಯಾರ ಮನೆ ಬಾಗಿಲಿಗೆ ಅಂತ ಹಾಕಲಿ?"

ಈ ಮಾತಿನ ಮೇಲೆ ನಾನು ಬಹಳ ದಿನ ಯೋಚನೆ ಮಾಡಿದ್ದೇನೆ. ರಂಗೋಲಿ ಅಂದರೆ ಚುಕ್ಕಿ ಮತ್ತು ಗೆರೆ, ಕೈಗೆ ಕಣ್ಣಿಗೆ ಅಭ್ಯಾಸ, ಮನಸ್ಸು ಒಂದು ಕಡೆ ನಿಲ್ಲುತ್ತದೆ ಎಂದು ಆ ಹುಡುಗಿಗೆ ಪಾಠ ಹೇಳಿಕೊಟ್ಟಿದ್ದರು. ತಪ್ಪೇನಿಲ್ಲ, ಅದು ಹೌದು. ಆದರೆ ನಮ್ಮ ಕಡೆ ರಂಗೋಲಿಗೆ ಹಾಕುವ ದಿನ ಇದ್ದ ಹಾಗೆ ಹಾಕದ ದಿನವೂ ಇದೆ. ಬೆಳಿಗ್ಗೆ ಬಾಗಿಲು ಗುಡಿಸಿ, ನೀರೋ ಸಗಣಿಯೋ ಹಾಕಿ ಸಾರಿಸಿ, ಹಿಟ್ಟಿನಲ್ಲಿ ಗೆರೆ ಎಳೆದರೆ ಈ ಮನೆ ಎದ್ದಿದೆ, ಚೆನ್ನಾಗಿದೆ, ಬನ್ನಿ ಅಂತ ಬೀದಿಗೆ ಹೇಳಿದ ಹಾಗೆ. ಬಾಗಿಲು ಬೋಳಾಗಿದ್ದರೆ ಇಲ್ಲಿ ಸಾವಾಗಿದೆ, ಮೆಲ್ಲಗೆ ಮಾತಾಡಿ ಅಂತ. ಓದು ಬಾರದ ಮುದುಕಿಯೂ ಆ ಬೋಳು ಬಾಗಿಲನ್ನು ಓದುತ್ತಾಳೆ. ದುಃಖಕ್ಕೆ ಕಲೆ ಮದ್ದು ಅಂತ ಈಗಿನವರು ಹೇಳುತ್ತಾರೆ. ನಮ್ಮ ಹೆಂಗಸರು ಅದಕ್ಕಿಂತ ಮುಂಚೆಯೇ ಇನ್ನೊಂದು ಮಾತು ತಿಳಿದಿದ್ದರು. ದುಃಖದ ದಿನ ಕಲೆ ನಿಲ್ಲಬೇಕು, ಮತ್ತೆ ಶುರುವಾಗುವ ದಿನ ಬರುತ್ತದೆ, ಆ ದಿನವನ್ನು ಯಾರೂ ಎಳೆದು ತರಬಾರದು. ಚಿಕ್ಕಮ್ಮ ಹಾಳೆ ಮಡಿಸಿ ಕೊಟ್ಟದ್ದು ರೋಗವಲ್ಲ. ಅಷ್ಟು ಖಾಯಿಲೆಯ ನಡುವೆಯೂ ಅವಳಲ್ಲಿ ನೆಟ್ಟಗೆ ಉಳಿದಿದ್ದ ಒಂದು ಜಾಗ ಅದು. ಅದನ್ನೇ ನಾವು ಸಹಕಾರವಿಲ್ಲ ಅಂತ ಬರೆದುಕೊಂಡೆವು.

ಹಾಗಾದರೆ ಗುಡಿಯ ಹಿರಿಯರು ಹೇಳಿದ್ದೇ ಸರಿಯೇ? ನಮ್ಮ ಕಲೆಯನ್ನು ಮದ್ದಿನ ಮನೆಗೆ ಒಯ್ಯುವುದೇ ತಪ್ಪೇ?

ಈ ಆರ್ಟ್ ಥೆರಪಿ ಎಂಬ ಹೆಸರು ಬಂದ ಬಗೆ ತಿಳಿದುಕೊಂಡರೆ ಒಳ್ಳೆಯದು. ಇಂಗ್ಲೆಂಡಿನಲ್ಲಿ ಏಡ್ರಿಯನ್ ಹಿಲ್ ಎಂಬ ಚಿತ್ರಕಾರನಿದ್ದ. 1938ರಲ್ಲಿ ಕ್ಷಯ ಬಂದು ಆಸ್ಪತ್ರೆ ಸೇರಿದ. ಮಲಗಿದಲ್ಲೇ ಕಣ್ಣಿಗೆ ಬಿದ್ದದ್ದನ್ನು ಬರೆಯತೊಡಗಿದ, ಬೇಸರ ಕಳೆಯಿತು, ಅಕ್ಕಪಕ್ಕದ ಹಾಸಿಗೆಯವರಿಗೂ ಹೇಳಿಕೊಟ್ಟ. ಅಲ್ಲಿಗೆ ಯುದ್ಧದಿಂದ ಬಂದ ಸಿಪಾಯಿಗಳೂ ಸೇರಿದರು. 1942ರಲ್ಲಿ ಅವನೇ ಇದಕ್ಕೆ ಈ ಹೆಸರಿಟ್ಟ. ಗಮನಿಸಿ, ಮೊದಲು ಮಾಡಿದವನು ಡಾಕ್ಟರಲ್ಲ, ರೋಗಿ. ಅವನಿಗೆ ಯಾರೂ ಹಾಳೆ ಕೊಟ್ಟು ಬರೆ ಅನ್ನಲಿಲ್ಲ. ಬ್ರೆಜಿಲ್ ದೇಶದಲ್ಲಿ ನೀಸೆ ದ ಸಿಲ್ವೇರಾ ಎಂಬ ಡಾಕ್ಟರಮ್ಮ ಇದ್ದರು. ಕರೆಂಟ್ ಶಾಕ್ ಕೊಡಲು ಒಪ್ಪದೆ, 1946ರಲ್ಲಿ ರಿಯೋ ಪಟ್ಟಣದ ಹುಚ್ಚಾಸ್ಪತ್ರೆಯೊಳಗೇ ಬಣ್ಣ, ಮಣ್ಣು ಇಟ್ಟು ಒಂದು ಕೋಣೆ ತೆರೆದರು. ವರ್ಷಾನುಗಟ್ಟಲೆ ಮಾತಿಲ್ಲದೆ ಕೂತಿದ್ದವರು ಅಲ್ಲಿ ಬರೆದ ಚಿತ್ರಗಳಿಂದ 1952ರಲ್ಲಿ ಒಂದು ಮ್ಯೂಸಿಯಮ್ಮೇ ಆಯಿತು. ನಮ್ಮ ದೇಶದಲ್ಲಿ 2021ರಲ್ಲಿ ಬಂದ ಆರೋಗ್ಯ ವೃತ್ತಿಗಳ ಕಾಯಿದೆಯ ಪಟ್ಟಿಯಲ್ಲಿ ಕಲೆ, ಕುಣಿತದ ಚಿಕಿತ್ಸೆ ಮಾಡುವವರ ಹೆಸರೂ ಸೇರಿದೆ. ಅಂದರೆ ಸರ್ಕಾರವೂ ಇದನ್ನು ಒಂದು ಕಸುಬು ಎಂದು ಒಪ್ಪಿದೆ.

ನಮ್ಮ ನಾಡಿನದೇ ಒಂದು ಸಂಗತಿ ಇದಕ್ಕಿಂತ ಹತ್ತಿರದ್ದು. ತಮಿಳುನಾಡಿನ ವೇಲಾಯುಧಂಪಾಳಯಂಪುದೂರ್ ಎಂಬ ಹಳ್ಳಿಯಲ್ಲಿ ಮುತ್ತುಸ್ವಾಮಿ ಎಂಬುವರ ಸಮಾಧಿಯ ಮೇಲೆ ಕಟ್ಟಿದ ಗುಡಿ ಇದೆ. ಮನಸ್ಸು ಕೆಟ್ಟವರನ್ನು ಮನೆಯವರು ಅಲ್ಲಿಗೆ ಕರೆತಂದು ಜೊತೆಯಲ್ಲೇ ಇರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ಡಾಕ್ಟರ್ ರಘುರಾಮ್ ಮತ್ತು ಜೊತೆಯವರು ಅಲ್ಲಿ ಉಳಿದಿದ್ದ 31 ಜನರನ್ನು ಬಂದಾಗ ಒಮ್ಮೆ, ಹೊರಡುವಾಗ ಒಮ್ಮೆ ಪರೀಕ್ಷೆ ಮಾಡಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಸರಾಸರಿ ಆರು ವಾರ ಇದ್ದವರಲ್ಲಿ ಕಾಯಿಲೆಯ ಅಳತೆ ಹೆಚ್ಚು ಕಡಿಮೆ ನೂರಕ್ಕೆ 20ರಷ್ಟು ಇಳಿದಿತ್ತು. ದೊಡ್ಡ ಪೂಜೆ, ಮಾಟ, ಹೊಡೆತ ಯಾವುದೂ ಅಲ್ಲಿಲ್ಲ. ಬೆಳಿಗ್ಗೆ ಒಂದು ಸಾದಾ ಪೂಜೆ, ಆಮೇಲೆ ಕಸ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು. ಹೆದರಿಸುವವರಿಲ್ಲ, ದೂರ ಸರಿಯುವವರಿಲ್ಲ. ಅದೇ ಗುಣ ಮಾಡಿರಬೇಕು ಎಂದು ಅವರ ಅಭಿಪ್ರಾಯ. ಬರೀ 31 ಜನ, ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ, ಹಾಗಾಗಿ ಇದನ್ನು ಹಿಡಿದು ಆಸ್ಪತ್ರೆ ಬೇಡ ಅನ್ನುವುದು ದಡ್ಡತನ.

ಅದಕ್ಕೂ ಹಿಂದಿನ ವರ್ಷ ನಡೆದದ್ದನ್ನು ಮರೆಯುವ ಹಾಗಿಲ್ಲ. 2001ರ ಆಗಸ್ಟ್ 6ರ ಬೆಳಗಿನ ಜಾವ ರಾಮನಾಥಪುರದ ಕಡೆ ಏರ್ವಾಡಿಯಲ್ಲಿ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ದರ್ಗಾದ ಹೆಸರಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ಆಶ್ರಮ ಅದು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಿದ್ದರು. 28 ಜನ ಓಡಲಾಗದೆ ಸತ್ತರು. ಈಗ 2017ರ ಕಾಯಿದೆ ಮನೋರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟಬಾರದು ಎಂದು ಹೇಳುತ್ತದೆ. ಕಾಯಿದೆ ಬರಲು ಹದಿನಾರು ವರ್ಷ ಹಿಡಿಯಿತು.

ಒಂದು ಕಡೆ ಗಿಡಕ್ಕೆ ನೀರು, ಇನ್ನೊಂದು ಕಡೆ ಸರಪಳಿ. ಎರಡನ್ನೂ ನಾವು ನಂಬಿಕೆ ಅಂತಲೇ ಕರೆಯುತ್ತೇವೆ. ಹಾಗಾಗಿ ಇದು ನಮ್ಮ ಸಂಪ್ರದಾಯ, ಇದರಿಂದ ಒಳ್ಳೆಯದೇ ಆಗುತ್ತದೆ ಅನ್ನುವ ಮಾತಿಗೆ ಬೆಲೆ ಇಲ್ಲ. ಆ ಮನುಷ್ಯನಿಗೆ ಎದ್ದು ಹೋಗುವ ಹಕ್ಕು ಇದೆಯೋ ಇಲ್ಲವೋ, ಅದನ್ನು ಮೊದಲು ನೋಡಬೇಕು. ಚಿಕ್ಕಮ್ಮನ ಕೈಗೆ ಮೂರು ಸಲ ಹಾಳೆ ಹಿಡಿಸಿದ್ದು ಸರಪಳಿ ಅಂತ ನಾನು ಹೇಳುವುದಿಲ್ಲ, ಹಾಗಂದರೆ ಆ ಹುಡುಗಿಗೆ ಅನ್ಯಾಯ. ಆದರೆ ಬೇಡ ಅಂದದ್ದು ಕಿವಿಗೆ ಬೀಳಲಿಲ್ಲ ಅನ್ನುವುದಂತೂ ನಿಜ.

ಇನ್ನು ನಮ್ಮ ಸೀಮೆಯ ಕಲೆಗಳಿಗೆ ಬರೋಣ. ಕಾಂಗೇಯಂ, ಧಾರಾಪುರದ ಕಡೆ ಹುಟ್ಟಿ ಬೆಳೆದವರಿಗೆ ಅಣ್ಣನ್ಮಾರ್ ಕತೆ ಹೇಳಿಕೊಡಬೇಕಾಗಿಲ್ಲ. ಪೊನ್ನರ್, ಶಂಕರ್, ಅವರ ತಂಗಿ ತಂಗಾಳ್. ಅದು ತಮಿಳು ಗೌಂಡರ ಮನೆಯ ಕತೆ ಆದರೂ, ನಮ್ಮ ಕನ್ನಡದ ದೇವಾಂಗರು, ಒಕ್ಕಲಿಗರು, ಅನುಪ್ಪರು ಎಲ್ಲರೂ ಚಾಪೆ ಹಾಕಿಕೊಂಡು ಕೂತು ಕೇಳಿದ್ದಾರೆ. ಕೈಯಲ್ಲಿ ಉಡುಕ್ಕೆ, ನಮ್ಮ ಬುಡುಬುಡಿಕೆಯ ದೊಡ್ಡಣ್ಣ ಅನ್ನಿ, ಹಿಡಿದು ರಾತ್ರಿಗಟ್ಟಲೆ ಹಾಡುತ್ತಾರೆ. ಬ್ರೆಂಡಾ ಬೆಕ್ ಎಂಬ ವಿದ್ವಾಂಸೆ ಕಾಂಗೇಯದ ಹತ್ತಿರದ ಓಲಪಾಳಯಂನಲ್ಲಿ ವಾಸ ಮಾಡಿ 1965ರಲ್ಲಿ ಈ ಕತೆಯನ್ನು ಟೇಪಿನಲ್ಲಿ ಹಿಡಿದಿಟ್ಟರು. ಹಿಡಿದಿಡದಿದ್ದರೆ ನಮ್ಮ ಮಕ್ಕಳಿಗೆ ಎಷ್ಟು ಉಳಿಯುತ್ತಿತ್ತೋ.

ಕತೆಯ ಕೊನೆಗೆ ಅಣ್ಣಂದಿರು ಸಾಯುತ್ತಾರೆ. ತಂಗಿ ಹುಡುಕಿಕೊಂಡು ಕಾಡಿಗೆ ಬರುತ್ತಾಳೆ, ಅವರನ್ನು ಎಬ್ಬಿಸುತ್ತಾಳೆ. ಅವರು ಎದ್ದು ಅವಳ ಜೊತೆ ಸ್ವಲ್ಪ ಹೊತ್ತು ಮಾತಾಡುತ್ತಾರೆ, ಮತ್ತೆ ಹೋಗಿಬಿಡುತ್ತಾರೆ. ಪಡುಕಳಂ ಎಂದು ಕೆಲವು ಊರಿನ ಹಬ್ಬಗಳಲ್ಲಿ ಇದನ್ನು ಆಡಿ ತೋರಿಸುತ್ತಾರೆ. ಗಂಡಸರು ಮೈಮೇಲೆ ಬಂದು ದೊಪ್ಪೆಂದು ಬೀಳುತ್ತಾರೆ, ಸತ್ತವರ ಹಾಗೆ ಮಲಗಿರುತ್ತಾರೆ, ಆಮೇಲೆ ತೀರ್ಥ ಹಾಕಿ ಎಬ್ಬಿಸುತ್ತಾರೆ. ಚಿಕ್ಕವನಿದ್ದಾಗ ನೋಡಿ ಹೆದರಿ ಅಜ್ಜಿಯ ಸೆರಗು ಹಿಡಿದದ್ದು ನೆನಪಿದೆ. ಸುತ್ತ ನಿಂತ ಹೆಂಗಸರೆಲ್ಲ ಅಳುತ್ತಿದ್ದರು. ಯಾರೂ ಯಾರನ್ನೂ ಯಾಕೆ ಅಳ್ತೀಯ ಅಂತ ಕೇಳುತ್ತಿರಲಿಲ್ಲ. ಒಬ್ಬಳು ತಂಗಾಳಿಗಾಗಿ ಅಳುತ್ತಿದ್ದಳೋ, ತನ್ನ ಅಣ್ಣನಿಗಾಗಿಯೋ, ಹೊಟ್ಟೆಯಲ್ಲೇ ಹೋದ ಮಗುವಿಗಾಗಿಯೋ, ಅದು ಅವಳಿಗೆ ಬಿಟ್ಟದ್ದು. ಕತೆ ಎಲ್ಲರದೂ, ಅಳು ಅವರವರದು.

ಮನಸ್ಸಿನ ಡಾಕ್ಟರ ಮುಂದೆ ಕೂತಾಗ ಇದರ ತಿರುವುಮುರುವು ಆಗುತ್ತದೆ. ಅಲ್ಲಿ ನಿನ್ನ ಕತೆ ಹೇಳು ಅನ್ನುತ್ತಾರೆ. ಕೆಲವರಿಗೆ ಅದು ಬರುತ್ತದೆ, ಬಹಳ ಜನಕ್ಕೆ ಬರುವುದಿಲ್ಲ. ನಮ್ಮಂಥವರಿಗಂತೂ ಇನ್ನೊಂದು ತೊಡಕು. ಮನೆಯಲ್ಲಿ ಕನ್ನಡ, ಅದೂ ಮೈಸೂರಿನವರು ಕೇಳಿದರೆ ನಗುವ ಕನ್ನಡ. ಶಾಲೆ, ಸಂತೆಯಲ್ಲಿ ತಮಿಳು. ಡಾಕ್ಟರ ಚೀಟಿಯಲ್ಲಿ ಇಂಗ್ಲಿಷು. ಚಿಕ್ಕಮ್ಮನಿಗೆ ತಮಿಳು ಚೆನ್ನಾಗಿ ಬರುತ್ತದೆ, ನೂಲಿನ ಲೆಕ್ಕ, ಕೂಲಿಯ ಜಗಳ ಎಲ್ಲ ಅದರಲ್ಲೇ. ಆದರೆ ಎದೆಯೊಳಗೆ ಏನೋ ಕವುಚಿ ಹಾಕಿದ ಹಾಗಿದೆ ಅನ್ನುವುದನ್ನು ಅವಳು ಕನ್ನಡದಲ್ಲಿ ಬಿಟ್ಟು ಬೇರೆಯದರಲ್ಲಿ ಹೇಳಿದ್ದು ನಾನು ಕೇಳಿಲ್ಲ. (ಈ ಪುಸ್ತಕವನ್ನು ಕನ್ನಡದ ಅಕ್ಷರದಲ್ಲಿ ಓದಬಲ್ಲವರೂ ನಮ್ಮಲ್ಲಿ ಕಡಿಮೆ. ಬಲ್ಲವರು ಬಾರದವರಿಗೆ ಓದಿ ಹೇಳಿ.) ಮಾತಿಗೆ ಸಿಕ್ಕದ್ದು ಪದಕ್ಕೆ ಸಿಕ್ಕೀತು, ಕೈಗೆ ಸಿಕ್ಕೀತು. ಇದಕ್ಕಾಗಿಯೇ ಮೇಷ್ಟ್ರ ಯೋಚನೆ ನನಗೆ ಹಿಡಿಸಿದ್ದು.

ಆದರೆ ಎಲ್ಲವನ್ನೂ ಎತ್ತಿಕೊಂಡು ಹೋಗಿ ಆ ಕೋಣೆಯಲ್ಲಿಡಲು ಆಗುವುದಿಲ್ಲ. ನಮ್ಮ ದೇವಾಂಗರ ಕತ್ತಿ ಸೇವೆಯನ್ನೇ ನೋಡಿ. ಕೋಯಮತ್ತೂರು ರಾಜಬೀದಿಯ ಚೌಡೇಶ್ವರಿ ಅಮ್ಮನ ಗುಡಿಯಿಂದ ವಿಜಯದಶಮಿಗೆ ಮೆರವಣಿಗೆ ಹೊರಡುತ್ತದೆ. ಹುಡುಗರು ಬರಿಮೈಯಲ್ಲಿ ಕತ್ತಿ ಬೀಸಿಕೊಂಡು ತಾಯಿಯನ್ನು ಕರೆಯುತ್ತಾರೆ, ಗಾಯಕ್ಕೆ ಅರಿಸಿನ ಪುಡಿ ಹಾಕುತ್ತಾರೆ. ನೋಡಿದ ಹೊರಗಿನವರು ಇದೇನು ಮೈ ಕೊಯ್ದುಕೊಳ್ಳುವ ಕಾಯಿಲೆ ಅನ್ನಬಹುದು. ಕಾಯಿಲೆ ಅಲ್ಲ ಅದು. ಸುತ್ತ ಅಣ್ಣ ತಮ್ಮಂದಿರಿದ್ದಾರೆ, ಹಿಂದೆ ಹರಕೆ ಇದೆ, ಶುರುವಿಗೂ ಮುಗಿಯುವುದಕ್ಕೂ ಹೊತ್ತಿದೆ. ಬಾಗಿಲು ಹಾಕಿಕೊಂಡು ಒಬ್ಬನೇ ತನ್ನ ಮೈಗೆ ನೋವು ಮಾಡಿಕೊಳ್ಳುವ ಹುಡುಗನ ಸಂಗತಿಯೇ ಬೇರೆ, ಅವನಿಗೆ ತಕ್ಷಣ ಮನುಷ್ಯರು ಬೇಕು, ಡಾಕ್ಟರು ಬೇಕು. ಎರಡೂ ಒಂದೇ ಅಂತ ಆಸ್ಪತ್ರೆಯವರು ಅನ್ನಬಾರದು. ಅಮ್ಮನ ಮುಂದೆ ಕತ್ತಿ ಹಿಡಿದರೆ ಅವನಿಗೆ ವಾಸಿಯಾಗುತ್ತದೆ ಅಂತ ನಮ್ಮವರೂ ಅನ್ನಬಾರದು. ಹಿರಿಯರು ಸೇವೆ ಅಂದದ್ದು ಇಂಥದಕ್ಕೆ ಸರಿ. ಇದನ್ನು ಗುಡಿಯಲ್ಲೇ ಬಿಡೋಣ.

ಅವರು ತಪ್ಪಿದ್ದು ಎಲ್ಲವೂ ಹೀಗೆಯೇ ಅಂದುಕೊಂಡದ್ದರಲ್ಲಿ. ಕಂಸಾಳೆಯನ್ನು ನೋಡಿ. 1956ರವರೆಗೆ ಕೊಳ್ಳೇಗಾಲ ನಮ್ಮ ಕೋಯಮತ್ತೂರು ಜಿಲ್ಲೆಗೇ ಸೇರಿತ್ತು, ಮಲೆ ಮಾದಪ್ಪನ ಬೆಟ್ಟವೂ ಹಾಗೆ. ದೀಕ್ಷೆ ಪಡೆದ ದೇವರಗುಡ್ಡರು ಮಾತ್ರ ಹಿಡಿಯುತ್ತಿದ್ದ ಕಂಸಾಳೆ ಈಗ ಶಾಲೆಯ ವಾರ್ಷಿಕೋತ್ಸವದಲ್ಲಿದೆ, ದಸರಾ ಮೆರವಣಿಗೆಯಲ್ಲಿದೆ. ಮಾದಪ್ಪ ಬೆಟ್ಟ ಬಿಟ್ಟು ಹೋಗಿಲ್ಲ. ನಮ್ಮ ವಳ್ಳಿ ಕುಮ್ಮಿಯೂ ಹಾಗೇ. ಗಂಡಸರೇ ಆಡುತ್ತಿದ್ದ ಆಟಕ್ಕೆ ಹೆಂಗಸರನ್ನು ಕರೆತಂದು ಕಲಿಸಿದವರು ಕೋಯಮತ್ತೂರು ಜಿಲ್ಲೆಯ ಭದ್ರಪ್ಪನ್. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆಗಲೂ ಇದು ನಮ್ಮ ಪದ್ಧತಿಯಲ್ಲ ಅಂತ ಗೊಣಗಿದವರು ಇದ್ದಿರಲೇಬೇಕು.

ಕುಮ್ಮಿಯ ವಿಷಯದಲ್ಲಿ ನನಗೆ ಬೇರೆಯೇ ಒಂದು ಅಳುಕು. ವೃತ್ತ ಕಟ್ಟಿ ಚಪ್ಪಾಳೆ ಹೊಡೆದು ಹೆಜ್ಜೆ ಹಾಕುವಾಗ ಒಂಟಿತನ ಕರಗುತ್ತದೆ, ಪಕ್ಕದವಳ ಕೈಯ ತಾಳಕ್ಕೆ ನಮ್ಮ ಕೈ ಸೇರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ವೃತ್ತದಲ್ಲಿ ಯಾರು ಯಾರಿಗೆ ಜಾಗ? ಈಚೆಗೆ ಕೆಲವು ವೇದಿಕೆಗಳಲ್ಲಿ ಕುಮ್ಮಿ ಮುಗಿಸಿ, ಜಾತಿ ಬಿಟ್ಟು ಮದುವೆಯಾಗುವುದಿಲ್ಲ ಅಂತ ಹೆಣ್ಣುಮಕ್ಕಳಿಂದ ಪ್ರಮಾಣ ಮಾಡಿಸಿದ ಸುದ್ದಿ ಬಂತು. ಅಂಥ ವೃತ್ತಕ್ಕೆ ನಾಳೆ ನಮ್ಮ ಊರಿನ ಆ ತುದಿ ಬೀದಿಯ ಹುಡುಗಿ ಬಂದರೆ? ಪ್ರೀತಿಸಿದವನನ್ನು ಮನೆಯವರು ಬಿಡಿಸಿದ ಮೇಲೆ ಮನಸ್ಸು ಕೆಟ್ಟು ಕೂತವಳು ಬಂದರೆ? ಅವಳ ಕಾಯಿಲೆಗೆ ಕಾರಣವಾದ ಬೇಲಿಯನ್ನೇ ಮದ್ದು ಅಂತ ಅವಳ ಸುತ್ತ ಕಟ್ಟಿದ ಹಾಗಾಗುವುದಿಲ್ಲವೇ? ಹಳೆಯ ಕಲೆಯ ಜೊತೆ ಹಳೆಯ ಕೊಳೆಯೂ ಬರುತ್ತದೆ. ಸಂಪ್ರದಾಯ ಅನ್ನುವ ಮಾತನ್ನು ಬಾಯಿ ತುಂಬ ಆಡುವವರು, ನಾನೂ ಸೇರಿ, ಇದನ್ನು ಹೇಳಲು ಹಿಂಜರಿಯುತ್ತೇವೆ.

ಮಗ್ಗದ ಮಾತೂ ಬಂತು ಆ ಸಂಜೆ. ನೇಯ್ಗೆ ಮನಸ್ಸಿಗೆ ಒಳ್ಳೆಯದು, ಲಾಳಿ ಅತ್ತಿಂದಿತ್ತ ಓಡುವಾಗ ಉಸಿರು ಸಮ ಆಗುತ್ತದೆ ಅಂತ ಎಲ್ಲೋ ಓದಿದ್ದನ್ನು ಮೇಷ್ಟ್ರು ಹೇಳಿದರು. ಪಟ್ಟಣದ ಬ್ಯಾಂಕಿನವರಿಗೆ ಆಗಬಹುದು. ನೆಗಮಂ ಸೀರೆ ನೇಯುವ ಮನೆಯಲ್ಲಿ ಹುಟ್ಟಿದ ನಮಗೆ ಕುಣಿಮಗ್ಗ ಅಂದರೆ ಕಾಲು ನೋವು, ಮುಂಗಡ ತಂದ ಸಾಲ, ವಾರದ ಕೊನೆಗೆ ಸೀರೆ ಕೊಡದಿದ್ದರೆ ಮಾತು. ಚಿಕ್ಕಪ್ಪ ಅದರ ಮೇಲೆ ಕೂತೇ ಮುದುಕರಾದರು. ಚಿಕ್ಕಮ್ಮ ಕಂಡಿಕೆ ಸುತ್ತುತ್ತಾ ಅದರ ಪಕ್ಕದಲ್ಲಿ ಮೂವತ್ತು ವರ್ಷ ಕಳೆದಳು. ಅವಳನ್ನು ಕರೆದು ನೇಯ್ಗೆಯಿಂದ ನಿನಗೆ ಶಾಂತಿ ಅಂದರೆ ನಕ್ಕಾಳು. ಒಂದೇ ಮಗ್ಗ, ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ಕಾಯಿಲೆಯ ಬೇರು.

ಇಲ್ಲೇ ಇನ್ನೊಂದನ್ನೂ ಹೇಳಿಬಿಡುತ್ತೇನೆ. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳನ್ನು ಮುಚ್ಚಲು ಹೇಳಿತು. ನೊಯ್ಯಲ್ ಹೊಳೆಯ ಗತಿ ನೋಡಿದವರು ಯಾರೂ ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಒಂದೇ ಸಲಕ್ಕೆ ಕೂಲಿ ನಿಂತ ಮನೆಗಳ ಕಂಗಾಲು ಏನೆಂದು ನೋಡಿದವರಿಗೆ ಗೊತ್ತು. ಆಗ ಅವರ ಮುಂದೆ ಬಣ್ಣದ ಪೆನ್ಸಿಲ್ಲು ಇಟ್ಟಿದ್ದರೆ ಅದಕ್ಕಿಂತ ಅವಮಾನ ಬೇರೆ ಇರುತ್ತಿರಲಿಲ್ಲ. ಕೂಲಿ ಇಲ್ಲದ ದುಃಖಕ್ಕೆ ಕೂಲಿಯೇ ಬೇಕು. ಈ ಮಾತು ಮೇಷ್ಟ್ರಿಗೂ ಗೊತ್ತು, ಆದರೂ ಬರೆದಿಡುವುದು ಒಳ್ಳೆಯದು. ಕಲೆಯಿಂದ ಎಲ್ಲ ಸರಿಹೋಗುತ್ತದೆ ಅಂದಾಗ ಸರಿಮಾಡಬೇಕಾದವರು ತಪ್ಪಿಸಿಕೊಳ್ಳುತ್ತಾರೆ.

ಬನಿಯನ್ ಕಂಪನಿಯ ಹುಡುಗನಿಗೆ ನನ್ನ ಉತ್ತರ ಸುಲಭ. ಅವನು ಹೇಳಿದ್ದು ಪೂರ್ತಿ ಸರಿ. ನಮ್ಮ ಕೋಣೆ ಆಸ್ಪತ್ರೆಯಲ್ಲ, ನಾವು ಯಾರೂ ಥೆರಪಿ ಕಲಿತವರಲ್ಲ, ಆ ಹೆಸರನ್ನು ಗೋಡೆಗೆ ಅಂಟಿಸುವುದೇ ಬೇಡ. ಬರುವವರು ಮಾತ್ರೆ ಬಿಡಬಾರದು, ಬಿಡಿ ಅಂತ ನಾವು ಯಾರೂ ಹೇಳಬಾರದು. ಯಾರಾದರೂ ಸಾಯುವ ಮಾತಾಡಿದರೆ ರಂಗೋಲಿ ಪಕ್ಕಕ್ಕಿಟ್ಟು ಅವರ ಜೊತೆ ಕೂರಬೇಕು, ಒಬ್ಬರನ್ನೇ ಬಿಡಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಅಂತ 14416 ನಂಬರು ಇದೆ, 2022ರಿಂದ, ಕಾಸಿಲ್ಲ, ಹಗಲು ರಾತ್ರಿ ಮಾಡಬಹುದು. ಆ ನಂಬರನ್ನು ಗೋಡೆಗೆ ದೊಡ್ಡದಾಗಿ ಬರೆಸೋಣ.

ಹಿರಿಯರಿಗೆ ಉತ್ತರ ಹೇಳುವುದು ಕಷ್ಟ. ದೇವರ ಮುಂದಿನದನ್ನು ಮನುಷ್ಯನ ಉಪಯೋಗಕ್ಕೆ ತರುವುದು ಅದನ್ನು ಸಣ್ಣದು ಮಾಡಿದಂತೆ ಎಂದು ಅವರ ಅಂಜಿಕೆ. ಅದನ್ನು ನಾನು ಹಗುರಾಗಿ ತಳ್ಳಿಹಾಕುವುದಿಲ್ಲ. ಪಟ್ಟಣದಲ್ಲಿ ಅರ್ಧ ಗಂಟೆಗೆ ಇಷ್ಟು ಅಂತ ಕೊಟ್ಟು, ಚುಕ್ಕಿ ಎಣಿಸಿ ಎದ್ದು ಹೋಗುವವರಿಗೆ ಆ ರಂಗೋಲಿಯ ಹಿಂದಿನ ಬೋಳು ಬಾಗಿಲು ಗೊತ್ತಿರುವುದಿಲ್ಲ. ಅರ್ಧ ಮಾತ್ರ ಒಯ್ದರೆ ಉಳಿದರ್ಧ ಸಾಯುತ್ತದೆ. ಆದರೆ ಅದೇ ಹಿರಿಯರು ಹಬ್ಬದ ದಿನ ಮನಸ್ಸು ಸರಿಯಿಲ್ಲದ ತಮ್ಮ ಅಣ್ಣನ ಮಗನನ್ನು ಒಳಕೋಣೆಯಲ್ಲಿ ಕೂರಿಸಿ ಹೊರಗೆ ಚಿಲಕ ಹಾಕುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ದೂರಲಿಕ್ಕೆ ಹೇಳುತ್ತಿಲ್ಲ, ನಮ್ಮ ಮನೆಯಲ್ಲೂ ಚಿಕ್ಕಮ್ಮನನ್ನು ಎರಡು ದೀಪಾವಳಿಗೆ ನೆಂಟರ ಮುಂದೆ ಬರಬೇಡ ಅಂದಿದ್ದೆವು. ಸೇವೆಯಿಂದ ಅವರನ್ನು ಮೊದಲು ಹೊರಗಿಟ್ಟವರು ನಾವೇ. ಕುಮ್ಮಿಯ ವೃತ್ತದಲ್ಲಿ, ಕತೆ ಕೇಳುವ ಚಾಪೆಯಲ್ಲಿ, ಪಂಕ್ತಿಯ ಊಟದಲ್ಲಿ ಅವರ ಜಾಗ ಇತ್ತು, ಕಾಯಿಲೆ ಬಂದ ದಿನ ನಾವು ಅದನ್ನು ಮುಚ್ಚಿದೆವು. ಈಗ ಒಂದು ಕೋಣೆ ತೆರೆದು ಇಲ್ಲಿ ನಿಮಗೆ ಪ್ರತ್ಯೇಕ ಕುಮ್ಮಿ ಅಂದರೆ ಅದು ಇನ್ನೊಂದು ಒಳಕೋಣೆ ಆಗುವ ಭಯವೂ ನನಗಿದೆ. ಕೋಣೆ ತೆರೆದರೆ ಕಾಯಿಲೆ ಇರುವವರೂ ಇಲ್ಲದವರೂ ಒಟ್ಟಿಗೆ ಬರಬೇಕು. ಮೇಷ್ಟ್ರ ಮಗಳೂ ಬರಲಿ, ಹಿರಿಯರೂ ಬರಲಿ. ಯಾರು ಮದ್ದಿಗೆ ಬಂದವರು, ಯಾರು ಸುಮ್ಮನೆ ಬಂದವರು ಅಂತ ಬಾಗಿಲಲ್ಲಿ ನಿಂತವರಿಗೆ ತಿಳಿಯಬಾರದು.

ಮೊನ್ನೆ ಚಿಕ್ಕಮ್ಮನನ್ನು ಕೇಳಿದೆ, ಇಂಥದೊಂದು ಶುರುವಾದರೆ ಬರ್ತೀಯಾ ಅಂತ. ಅವಳು ಈಗ ಮಾತಾಡುತ್ತಾಳೆ, ಮಾತ್ರೆ ಒಂದಕ್ಕೆ ಇಳಿದಿದೆ. ವರ್ಷ ತುಂಬಿ ಬಹಳ ದಿನವಾಯಿತು. ಬಾಗಿಲಿಗೆ ಕೆಲವು ದಿನ ರಂಗೋಲಿ ಇರುತ್ತದೆ, ಕೆಲವು ದಿನ ಇರುವುದಿಲ್ಲ, ನಾವು ಕೇಳುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕೋಣೆ ನೆಲಕ್ಕೆ ಟೈಲ್ಸ್ ಹಾಕಿದ್ದಾರಾ?" ಅಂದಳು. ಇಲ್ಲ, ಗಾರೆ ನೆಲ ಅಂದೆ. "ಟೈಲ್ಸ್ ಮೇಲೆ ಹಿಟ್ಟು ನಿಲ್ಲಲ್ಲ ಕಣೋ. ಗಾರೆ ಆದ್ರೆ ನೋಡೋಣ. ಆದ್ರೆ ಒಳಗೆ ಹಾಕಲ್ಲ, ಬಾಗಿಲಿಗೆ ಹಾಕ್ತೀನಿ. ಅವರು ಹೇಳಿದ ದಿನ ಅಲ್ಲ, ನಾನು ಬಂದ ದಿನ" ಅಂದಳು.

ಮೇಷ್ಟ್ರಿಗೆ ಇದನ್ನು ಹೇಳಿದ್ದೇನೆ. ಅವರು ಬೆಂಚಿನ ಕಾಲು ಸರಿಮಾಡಿಸುತ್ತಿದ್ದಾರೆ. ತುದಿ ಬೀದಿಯವರನ್ನು ಕರೆಯುವ ಮಾತು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಸಭೆ ಹುಣ್ಣಿಮೆಯ ಮಾರನೇ ದಿನ, ಸಂಜೆ ಆರಕ್ಕೆ.